ಧಾರವಾಡ, ಗದಗ, ಹಾವೇರಿ ಸೀಮೆಯಲ್ಲಿ ಒಳ್ಳೆಯ ಸಾದಾ ಊಟ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು, ಮೈಸೂರು, ಕರಾವಳಿಯಿಂದ ನಮ್ಮ ಕಡೆ ತಿರುಗಾಡಲು ಬರುವವರು ಗುಡಿಗಳ ಪಟ್ಟಿ, ಬಸ್ಸಿನ ವೇಳೆ, ಇಳಿದುಕೊಳ್ಳುವ ಜಾಗ ಎಲ್ಲವನ್ನೂ ಮೊದಲೇ ವಿಚಾರಿಸಿಕೊಂಡಿರುತ್ತಾರೆ. ಊಟದ ಪ್ರಶ್ನೆಯನ್ನು ಮಾತ್ರ ಹಸಿವಾದ ಮೇಲೆ ಕೇಳುತ್ತಾರೆ. ಅಂಥ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬಂದವುಗಳನ್ನು, ಕೇಳಿದವರ ಮಾತಿನಲ್ಲಿಯೇ ಇಟ್ಟು, ಇಲ್ಲಿ ಉತ್ತರಿಸಲಾಗಿದೆ. ಗದಗ ಮತ್ತು ಹಾವೇರಿ 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಸ್ವತಂತ್ರ ಜಿಲ್ಲೆಗಳಾದವು. ಊಟದ ಮಟ್ಟಿಗೆ ಈ ಮೂರೂ ಇಂದಿಗೂ ಒಂದೇ ಸೀಮೆಯಾಗಿರುವುದರಿಂದ ಉತ್ತರಗಳನ್ನು ಜಿಲ್ಲೆವಾರು ಒಡೆದಿಲ್ಲ.

## ಮೊದಲ ಸಲ ಬರುವವರು ಕೇಳುವುದು

ಖಾನಾವಳಿಗೂ ಹೋಟೆಲಿಗೂ ಏನು ವ್ಯತ್ಯಾಸ? ಎರಡರಲ್ಲೂ ಊಟವೇ ಸಿಗುತ್ತದಲ್ಲ?

ಸಿಗುತ್ತದೆ, ಆದರೆ ಖಾನಾವಳಿಯಲ್ಲಿ ಊಟ ಬಿಟ್ಟರೆ ಸಾಮಾನ್ಯವಾಗಿ ಬೇರೇನೂ ಸಿಗುವುದಿಲ್ಲ. ಹೋಟೆಲಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಇಡ್ಲಿ, ದೋಸೆ, ಪೂರಿ, ಚಹಾ ನಡೆದೇ ಇರುತ್ತವೆ. ಖಾನಾವಳಿ ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ನಡೆದು, ಆ ಹೊತ್ತಿನ ಅಡುಗೆ ತೀರಿದೊಡನೆ ನಿಲ್ಲುತ್ತದೆ. ಅಲ್ಲಿ ಮೆನು ಕಾರ್ಡಿನ ಪ್ರಶ್ನೆ ಇಲ್ಲ. ಅಂದು ಯಾವ ಪಲ್ಯ ಮಾಡಿದ್ದಾರೋ ಅದೇ ಎಲ್ಲರ ತಾಟಿಗೂ ಬರುತ್ತದೆ, ನಿಮ್ಮನ್ನು ಕೇಳುವುದು ರೊಟ್ಟಿಯೋ ಚಪಾತಿಯೋ ಎಂಬ ಒಂದೇ ಮಾತು. ಲಿಂಗಾಯತ ಖಾನಾವಳಿ, ಬಸವೇಶ್ವರ ಖಾನಾವಳಿ ಎಂಬ ಫಲಕವಿದ್ದಲ್ಲಿ ಅದು ಸಸ್ಯಾಹಾರಿ ಎಂದು ತಿಳಿಯಬೇಕು. ಫಲಕದಲ್ಲಿ ಜಾತಿಯ ಹೆಸರು ಕಂಡು ಹಿಂದೆ ಸರಿಯುವ ಹೊಸಬರಿದ್ದಾರೆ. ಅದು ಅಡುಗೆಯ ಬಗೆಯನ್ನು ಸೂಚಿಸುತ್ತದೆಯೇ ಹೊರತು ಉಣ್ಣಲು ಬಂದವರನ್ನು ಯಾರೂ ಏನೂ ಕೇಳುವುದಿಲ್ಲ.

ನಾವು ಊರಿಗೆ ಹೊಸಬರು. ಒಳ್ಳೆಯ ಖಾನಾವಳಿ ಇದೇ ಅಂತ ಹೊರಗಿನಿಂದ ನೋಡಿ ಹೇಗೆ ಗೊತ್ತಾಗಬೇಕು?

ಕಟ್ಟಡ, ಫಲಕ, ಬಣ್ಣದ ದೀಪ ಇವುಗಳಿಂದ ಏನೂ ಗೊತ್ತಾಗುವುದಿಲ್ಲ. ಯಾರು ಉಣ್ಣುತ್ತಿದ್ದಾರೆ ಎಂಬುದನ್ನು ನೋಡಬೇಕು. ನಮ್ಮ ಕಡೆ ಖಾನಾವಳಿಯ ಬದುಕು ನಡೆಯುವುದು ತಿಂಗಳ ಊಟದವರಿಂದ: ಕೋಣೆ ಮಾಡಿಕೊಂಡಿರುವ ವಿದ್ಯಾರ್ಥಿಗಳು, ಸಂಸಾರ ಬೇರೆ ಊರಿನಲ್ಲಿರುವ ನೌಕರರು, ಅಂಗಡಿಯ ಗುಮಾಸ್ತರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಹುಡುಗರು ಮುಂಗಡ ಹಣ ಕೊಟ್ಟು ದಿನಕ್ಕೆರಡು ಹೊತ್ತು ಒಂದೇ ಜಾಗದಲ್ಲಿ ಉಣ್ಣುತ್ತಾರೆ. ಒಮ್ಮೆ ಬಂದು ಹೋಗುವ ಪ್ರವಾಸಿಗೆ ಹಳಸಿದ ಸಾರು ಬಡಿಸಿ ಪಾರಾಗಬಹುದು; ನಾಳೆಯೂ ನಾಡಿದ್ದೂ ಅದೇ ಬೆಂಚಿನ ಮೇಲೆ ಬಂದು ಕೂರುವವನಿಗೆ ಹಾಗೆ ಮಾಡಿದರೆ ತಿಂಗಳು ಮುಗಿಯುವ ಮೊದಲೇ ಬೆಂಚು ಖಾಲಿಯಾಗುತ್ತದೆ. ಆದ್ದರಿಂದ ಪ್ರವಾಸಿಗಳು ಹೆಚ್ಚಾಗಿ ಸೇರುವ ಜಾಗಕ್ಕಿಂತ ದಿನದ ಗಿರಾಕಿಗಳು ಸೇರುವ ಜಾಗವನ್ನೇ ನಾನು ಸದಾ ಮೇಲೆಂದು ಹೇಳುತ್ತೇನೆ.

ಅಂಥವರು ಎಲ್ಲಿರುತ್ತಾರೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಧಾರವಾಡದಲ್ಲಿ ತರಬೇತಿ ಕೇಂದ್ರಗಳು ತುಂಬಿರುವ ಸಪ್ತಾಪುರದ ಓಣಿಗಳು, ಹುಬ್ಬಳ್ಳಿಯಲ್ಲಿ ಹಳೆಯ ಪೇಟೆ ಮತ್ತು ಅಮರಗೋಳದ ಕೃಷಿ ಮಾರುಕಟ್ಟೆಯ ಆಸುಪಾಸು, ಯಾವ ಊರಿನಲ್ಲಾದರೂ ಕೋರ್ಟು, ತಹಶೀಲ್ದಾರ ಕಚೇರಿ, ದೊಡ್ಡ ಆಸ್ಪತ್ರೆಗಳ ಹಿಂದಿನ ಬೀದಿ. ಎದುರಿನ ಬೀದಿಗಿಂತ ಹಿಂದಿನ ಬೀದಿ ಏಕೆ ಎಂದರೆ, ಎದುರಿನ ಬೀದಿಯ ಬಾಡಿಗೆ ಕೊಟ್ಟು ಕಡಿಮೆ ದರದ ಊಟ ಬಡಿಸುವುದು ಯಾರಿಗೂ ಸುಲಭವಲ್ಲ.

ಒಳಗೆ ಹೋದ ಮೇಲೆ ಇನ್ನೊಂದು ಗುರುತು ಸಿಗುತ್ತದೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲದ್ದರಿಂದ ರೊಟ್ಟಿಯನ್ನು ಬಿಸಿನೀರಿನಲ್ಲಿ ನಾದಿ ಅಂಗೈಯಿಂದ ತಟ್ಟುತ್ತಾರೆ. ಅಡುಗೆಮನೆಯಿಂದ ತಟ್ಟುವ ಸಪ್ಪಳ ಊಟದ ಹೊತ್ತಿನಲ್ಲಿಯೂ ಕೇಳುತ್ತಿದ್ದರೆ ನಿಮ್ಮ ರೊಟ್ಟಿ ಹಂಚಿನಿಂದ ನೇರವಾಗಿ ತಾಟಿಗೆ ಬರುತ್ತದೆ. ಸಪ್ಪಳವಿಲ್ಲದೆ, ಬಟ್ಟೆ ಮುಚ್ಚಿದ ಬುಟ್ಟಿಯಿಂದ ರೊಟ್ಟಿ ಬರುತ್ತಿದ್ದರೆ ಅದು ಬೆಳಿಗ್ಗೆ ಬೇರೆಲ್ಲೋ ಮಾಡಿಸಿ ತಂದದ್ದು ಇರಬಹುದು. ಕೆಟ್ಟದ್ದೆಂದಲ್ಲ, ಆದರೆ ಅದನ್ನು ಉಣ್ಣಲು ಇಷ್ಟು ದೂರ ಬರಬೇಕಾಗಿರಲಿಲ್ಲ.

ನಾವು ಹೋದಾಗೆಲ್ಲ "ಊಟ ಮುಗೀತ್ರಿ" ಅಂತಾರೆ. ಎಷ್ಟು ಗಂಟೆಗೆ ಹೋಗಬೇಕು?

ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರೊಳಗೆ, ರಾತ್ರಿ ಎಂಟರಿಂದ ಒಂಬತ್ತೂವರೆಯೊಳಗೆ ಹೋಗಿ ಕೂತರೆ ಈ ಮಾತು ಕೇಳುವ ಪ್ರಸಂಗ ಬರುವುದಿಲ್ಲ. ಗುಡಿ ನೋಡುತ್ತ ಮೂರು ಗಂಟೆ ಮಾಡಿಕೊಂಡವರು ಖಾನಾವಳಿಯ ಆಸೆ ಬಿಟ್ಟು ಹೋಟೆಲಿಗೆ ಹೋಗುವುದು ಲೇಸು.

ತಾಟಿನಲ್ಲಿ ಏನೇನು ಬರುತ್ತದೆ? ಮತ್ತೆ ಮತ್ತೆ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆಯೇ?

ಎರಡು ರೊಟ್ಟಿ ಅಥವಾ ಚಪಾತಿ, ಒಂದು ಕಾಯಿಪಲ್ಯ, ಒಂದು ಕಾಳಿನ ಪಲ್ಯ, ಶೇಂಗಾ ಇಲ್ಲವೆ ಗುರೆಳ್ಳಿನ (ಹುಚ್ಚೆಳ್ಳಿನ) ಹಿಂಡಿ (ಚಟ್ನಿಪುಡಿ), ಕೆಂಪು ಖಾರ, ಹಸಿ ಉಳ್ಳಾಗಡ್ಡಿ, ಸವತಿಕಾಯಿ ಅಥವಾ ಮೆಂತೆಯ ಹಸಿ ಸೊಪ್ಪು, ಮೊಸರು, ಕೊನೆಗೆ ಅನ್ನ-ಸಾರು: ಇದು ಸಾಮಾನ್ಯ ಚೌಕಟ್ಟು. ಕಾಯಿಪಲ್ಯದಲ್ಲಿ ಬದನೆಕಾಯಿಯ ಎಣ್ಣೆಗಾಯಿಗೆ ಮೊದಲ ಸ್ಥಾನ. ಹೆಸರು, ಮಡಿಕೆ, ಅಲಸಂದಿ ಕಾಳುಗಳು ದಿನಕ್ಕೊಂದರಂತೆ ಬದಲಾಗುತ್ತವೆ. ಕಡಲೆಹಿಟ್ಟಿನ ಝುಣಕ ಇದ್ದರೆ ಬಡಿಸುವವರೇ ಹೇಳುತ್ತಾರೆ. ಪಲ್ಯ, ಹಿಂಡಿ, ಸಾರು ಎಷ್ಟು ಸಲ ಬೇಕಾದರೂ ಕೇಳುವುದು ಇಲ್ಲಿಯ ರೂಢಿ. ರೊಟ್ಟಿಯ ಲೆಕ್ಕ ಮಾತ್ರ ಒಂದೊಂದು ಕಡೆ ಒಂದೊಂದು ಬಗೆ: ಕೆಲವರು ಹೊಟ್ಟೆ ತುಂಬುವವರೆಗೆ ಹಾಕುತ್ತಾರೆ, ಕೆಲವರು ಎರಡರ ಮೇಲಿನದಕ್ಕೆ ಬೇರೆ ಹಣ ಹಿಡಿಯುತ್ತಾರೆ. ಕೂರುವಾಗಲೇ "ಅಣ್ಣಾರ, ರೊಟ್ಟಿ ಎಷ್ಟರ ಹಾಕ್ತೀರಿ?" ಎಂದು ಕೇಳಿಬಿಟ್ಟರೆ ಇಬ್ಬರಿಗೂ ಸಂಕೋಚವಿಲ್ಲ. ಬೇಡವೆಂದರೂ ಇನ್ನೊಂದು ಹಾಕುವ ಬಡಿಸುವವರು ಎಲ್ಲ ಊರಿನಲ್ಲಿಯೂ ಇದ್ದಾರೆ. ತಾಟಿನ ಮೇಲೆ ಕೈ ಅಡ್ಡ ಹಿಡಿಯದೆ ಅವರು ನಿಲ್ಲುವುದಿಲ್ಲ.

ಅಲ್ಲಿಯ ಊಟ ಬಹಳ ಖಾರವಂತೆ. ಮಕ್ಕಳನ್ನು ಕರೆದುಕೊಂಡು ಬಂದರೆ ಏನು ತಿನ್ನಿಸೋದು?

ಕಣ್ಣಿಗೆ ಕಾಣುವ ಕೆಂಪನ್ನೆಲ್ಲ ಖಾರವೆಂದು ತಿಳಿಯಬಾರದು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತಿರುವ, 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಮೆಣಸಿನಕಾಯಿ ಹೆಸರಾಗಿರುವುದು ಕಡುಗೆಂಪು ಬಣ್ಣಕ್ಕೆ. ಸುಕ್ಕುಗಟ್ಟಿದ ಈ ಕಾಯಿಯಲ್ಲಿ ಖಾರದ ಅಂಶ ಕಡಿಮೆ. ಆದರೆ ಖಾರದಪುಡಿ ಮಾಡುವವರು ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎಂದು ಎರಡನ್ನೂ ಬೆರೆಸುವುದುಂಟು, ಹೀಗಾಗಿ ಬಣ್ಣ ನೋಡಿ ಖಾರವನ್ನು ಅಳೆಯಲು ಬರುವುದಿಲ್ಲ. ಮಕ್ಕಳಿಗೆ ನಿಜವಾಗಿ ತೊಂದರೆ ಕೊಡುವುದು ಹಸಿಮೆಣಸಿನಕಾಯಿಯ ಖಾರ ಮತ್ತು ಮಧ್ಯಾಹ್ನದ ಕಟ್ಟಿನ ಸಾರು. ಬಿಸಿ ರೊಟ್ಟಿಗೆ ಬೆಣ್ಣೆ ಅಥವಾ ತುಪ್ಪ, ಮೊಸರನ್ನ, ಬೇಯಿಸಿದ ಬೇಳೆ ಕೇಳಿದರೆ ಯಾವ ಖಾನಾವಳಿಯಲ್ಲಿಯೂ ಇಲ್ಲವೆನ್ನುವುದಿಲ್ಲ. ಬೆಳಗಿನ ನಾಷ್ಟಾದಲ್ಲಿ ಶಿರಾ, ಇಡ್ಲಿ, ಪಡ್ಡು ಇರುವುದರಿಂದ ಮಕ್ಕಳ ಹೊಟ್ಟೆಯನ್ನು ಬೆಳಿಗ್ಗೆಯೇ ಗಟ್ಟಿಯಾಗಿ ತುಂಬಿಸುವುದು ಜಾಣತನ.

## ಊರು, ದಾರಿ, ನಿಲ್ದಾಣ

ಹುಬ್ಬಳ್ಳಿಯಲ್ಲಿ ನಮಗೆ ಒಂದೇ ಸಂಜೆ ಇದೆ. ಎಲ್ಲಿಗೆ ಹೋಗಲಿ, ಏನು ತಿನ್ನಲಿ?

ದುರ್ಗದಬೈಲಿಗೆ ಹೋಗಬೇಕು. ಹಗಲು ಪೇಟೆಯಾಗಿರುವ ಈ ಬಯಲು ಸಂಜೆಯಾದಂತೆ ತಿನಿಸಿನ ಗಾಡಿಗಳಿಂದ ತುಂಬುತ್ತದೆ. ಮೊದಲು ಗಿರ್ಮಿಟ್ ತಿನ್ನಬೇಕು. ನೀವು ಮಂಡಕ್ಕಿ, ಪುರಿ, ಕಡ್ಲೆಪುರಿ ಎನ್ನುವ ಚುರಮುರಿಗೆ ಉಳ್ಳಾಗಡ್ಡಿ, ಟೊಮ್ಯಾಟೊ, ಹುಣಸೆಹುಳಿ, ಬೆಲ್ಲ ಹಾಕಿ ಕುದಿಸಿದ ಮಸಾಲೆಯನ್ನು ಕಲೆಸಿ, ಮೇಲೆ ಪುಟಾಣಿ (ಹುರಿಗಡಲೆ) ಹಿಟ್ಟು, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು ಉದುರಿಸಿ ಕೊಡುತ್ತಾರೆ. ಕಲೆಸಿದ ಕ್ಷಣದಿಂದ ಚುರಮುರಿ ಮೆತ್ತಗಾಗತೊಡಗುವುದರಿಂದ ಕಟ್ಟಿಸಿಕೊಂಡು ಕೋಣೆಗೆ ಒಯ್ಯುವ ಯೋಚನೆ ಬೇಡ; ಗಾಡಿಯ ಮುಂದೆ ನಿಂತೇ ತಿನ್ನಬೇಕು. ಇದರ ಜೊತೆ ಮಿರ್ಚಿ ಭಜಿ ಇರಲೇಬೇಕು, ಆ ಜೋಡಿಯನ್ನು ಇಲ್ಲಿ ಯಾರೂ ಬೇರ್ಪಡಿಸುವುದಿಲ್ಲ. ಭಜಿಯನ್ನು ಆರಿಸುವಾಗ ಒಂದು ಎಚ್ಚರ: ತಾಟಿನಲ್ಲಿ ಗುಡ್ಡೆ ಹಾಕಿಟ್ಟದ್ದನ್ನು ಬಿಟ್ಟು, ಬಾಣಲೆಯಿಂದ ಈಗ ತೆಗೆಯುವ ಸುತ್ತಿಗೆ ಕಾಯಬೇಕು. ಧಾರವಾಡದಲ್ಲಿ ಇಳಿದುಕೊಂಡವರಿಗೂ ಇದು ದೂರವಲ್ಲ. ಎರಡೂ ಊರುಗಳ ನಡುವಿನ ಇಪ್ಪತ್ತು ಕಿಲೋಮೀಟರಿನಷ್ಟು ದಾರಿಗೆ ಚಿಗರಿ ಬಸ್ಸುಗಳು ತಮ್ಮದೇ ಪ್ರತ್ಯೇಕ ಮಾರ್ಗದಲ್ಲಿ ಓಡುತ್ತವೆ.

ಅಸಲಿ ಧಾರವಾಡ ಪೇಡಾ ಯಾವ ಅಂಗಡಿಯದು? ಎಲ್ಲರೂ ನಮ್ಮದೇ ಅಸಲಿ ಅಂತಾರೆ.

ಹತ್ತೊಂಬತ್ತನೆಯ ಶತಮಾನದಲ್ಲಿ, ಪ್ಲೇಗಿನ ಕಾಲಕ್ಕೆ ಉತ್ತರ ಪ್ರದೇಶದ ಉನ್ನಾವದಿಂದ ಬಂದು ನೆಲೆಸಿದ ಠಾಕೂರ ಕುಟುಂಬ ಈ ಪೇಡಾವನ್ನು ಆರಂಭಿಸಿತೆಂಬುದು ಊರೆಲ್ಲ ಒಪ್ಪುವ ಇತಿಹಾಸ. ಲೈನ್ ಬಜಾರಿನ ಅವರ ಅಂಗಡಿಯ ಮುಂದೆ ಸರದಿ ಇದ್ದೇ ಇರುತ್ತದೆ. ಇನ್ನೊಂದು ಹೆಸರಾದ ಮಿಶ್ರಾ ಪೇಡಾ ಅದಕ್ಕಿಂತ ಹೆಚ್ಚು ಕಡೆ ಸಿಗುತ್ತದೆ. ಈಗ ಧಾರವಾಡ ಪೇಡಾಕ್ಕೆ ಜಿಐ ಮಾನ್ಯತೆಯೂ ಇದೆ. ಹಾಲಿನ ಖವೆಯನ್ನು ಸಕ್ಕರೆಯೊಡನೆ ಕಂದುಬಣ್ಣ ಬರುವವರೆಗೆ ಹುರಿದು, ಉಂಡೆ ಮಾಡಿ, ಸಕ್ಕರೆಯಲ್ಲಿ ಹೊರಳಿಸುತ್ತಾರೆ. ಹುರಿದದ್ದು ಎಷ್ಟು ಎಂಬುದರ ಮೇಲೆ ಅಂಗಡಿಯಿಂದ ಅಂಗಡಿಗೆ ರುಚಿ ಬದಲಾಗುತ್ತದೆ. ಅಸಲಿ-ನಕಲಿಯ ವಾದಕ್ಕಿಂತ ಎರಡೂ ಕಡೆ ಕಾಲು ಕಿಲೋ ಕೊಂಡು ತಿಂದು ನೋಡುವುದು ಹಿತ. ಲೈನ್ ಬಜಾರಿಗೆ ಬೆಳಗಿನ ಹೊತ್ತು ಹೋಗಬೇಕು. ಮಾಡಿದ್ದು ಮುಗಿದರೆ ಮರುದಿನವೇ.

ಲಕ್ಕುಂಡಿ ನೋಡಲು ಹೋಗುತ್ತಿದ್ದೇವೆ. ಅಲ್ಲೇ ಊಟ ಸಿಗುತ್ತದೆಯೇ, ಗದಗಕ್ಕೆ ವಾಪಸು ಬರಬೇಕೇ?

ಗದಗದಲ್ಲಿ ಉಂಡು ಹೋಗಬೇಕು, ಇಲ್ಲವೆ ಬಂದು ಉಣ್ಣಬೇಕು. ನಡುವೆ ಇರುವುದು ಹನ್ನೆರಡು ಕಿಲೋಮೀಟರಿನಷ್ಟೇ. ಲಕ್ಕುಂಡಿ ಗುಡಿ-ಬಾವಿಗಳಿಂದ ತುಂಬಿದ್ದರೂ ಹಳ್ಳಿಯೇ; ಚಹಾ, ಭಜಿ, ಚುರಮುರಿಗೆ ಅಲ್ಲಿ ಕೊರತೆಯಿಲ್ಲ, ಪೂರ್ಣ ಊಟವನ್ನು ಮಾತ್ರ ನೆಚ್ಚಿಕೊಂಡು ಹೋಗಬಾರದು. ಕಾಶಿವಿಶ್ವೇಶ್ವರ ಗುಡಿ, ಬ್ರಹ್ಮಜಿನಾಲಯ, ಮುಸುಕಿನ ಬಾವಿಗಳನ್ನು ಸಾವಕಾಶವಾಗಿ ನೋಡುವವರಿಗೆ ಅರ್ಧ ದಿನ ಹಿಡಿಯುತ್ತದೆ. ಆದ್ದರಿಂದ ಬೆಳಿಗ್ಗೆ ಗದಗದಲ್ಲಿ ನಾಷ್ಟಾ ಮಾಡಿ ಹೊರಟು, ಒಂದೂವರೆಯೊಳಗೆ ಮರಳಿ, ಊಟವಾದ ಮೇಲೆ ವೀರನಾರಾಯಣ ಮತ್ತು ತ್ರಿಕೂಟೇಶ್ವರ ಗುಡಿಗಳನ್ನು ಇಟ್ಟುಕೊಳ್ಳುವುದು ಹೊಟ್ಟೆಗೂ ಬಿಸಿಲಿಗೂ ಹೊಂದುವ ಕ್ರಮ. ಇದೇ ಮಾತು ಹಾನಗಲ್ಲಿನ ತಾರಕೇಶ್ವರಕ್ಕೆ ಅಷ್ಟಾಗಿ ಅನ್ವಯಿಸುವುದಿಲ್ಲ. ಹಾನಗಲ್ಲು ತಾಲ್ಲೂಕು ಕೇಂದ್ರ, ಬಸ್ ನಿಲ್ದಾಣದ ಸುತ್ತಲೇ ಊಟ ಸಿಗುತ್ತದೆ.

ಬೆಂಗಳೂರಿನಿಂದ ಕಾರಿನಲ್ಲಿ ಬರುತ್ತೇವೆ. ಹೆದ್ದಾರಿಯ ದಾಬಾ ಸಾಕೇ, ಊರೊಳಗೆ ಇಳಿಯಬೇಕೇ?

ಇಳಿಯಬೇಕು ಎನ್ನುವುದು ನನ್ನ ಅಭಿಪ್ರಾಯ. ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ರಾಣೆಬೆನ್ನೂರು, ಹಾವೇರಿ, ಶಿಗ್ಗಾಂವಿ ಒಂದರ ಹಿಂದೊಂದು ಬರುತ್ತವೆ, ಮತ್ತು ಈ ಊರುಗಳ ಪೇಟೆ ಹೆದ್ದಾರಿಯಿಂದ ದೂರವಿಲ್ಲ. ಹೆದ್ದಾರಿಯ ದೊಡ್ಡ ಹೋಟೆಲುಗಳಲ್ಲಿ ಶೌಚಾಲಯ ಮತ್ತು ಗಾಡಿ ನಿಲ್ಲಿಸುವ ಅನುಕೂಲ ಚೆನ್ನಾಗಿರುತ್ತದೆ, ಕುಟುಂಬದೊಡನೆ ಬರುವವರಿಗೆ ಅದು ಸಣ್ಣ ಮಾತಲ್ಲ. ಆದರೆ ಅವುಗಳ ಮೆನು ಪುಣೆಯಿಂದ ಬೆಂಗಳೂರಿನವರೆಗೆ ಒಂದೇ ಆಗಿದ್ದು, ಪನೀರು, ತಂದೂರಿ ರೊಟ್ಟಿ, ಗೋಬಿ ಮಂಚೂರಿಯ ನಡುವೆ ಜೋಳದ ರೊಟ್ಟಿ ಕೊನೆಯ ಸಾಲಿನಲ್ಲಿರುತ್ತದೆ. ಲಾರಿಗಳು ನಿಂತ ದಾಬಾ ಚೆನ್ನಾಗಿರುತ್ತದೆ ಎಂಬ ಹಳೆಯ ಮಾತನ್ನೂ ಪೂರ್ತಿ ನಂಬಬೇಕಾಗಿಲ್ಲ. ಲಾರಿಯವರು ಜಾಗವನ್ನು ಆರಿಸುವಾಗ ಗಾಡಿ ನಿಲ್ಲಿಸಲು ಬಯಲು, ಸ್ನಾನಕ್ಕೆ ನೀರು, ಮಲಗಲು ಮಂಚ ಇವನ್ನೂ ನೋಡುತ್ತಾರೆ.

ಹುಬ್ಬಳ್ಳಿ-ಧಾರವಾಡದ ಬೈಪಾಸಿನ ಬಗ್ಗೆ ಒಂದು ಸೂಚನೆ: ಅದನ್ನು ಹಿಡಿದರೆ ಎರಡೂ ಊರುಗಳು ಪಕ್ಕಕ್ಕೆ ಸರಿದುಹೋಗುತ್ತವೆ, ಆಮೇಲೆ ಹಸಿವಾದರೆ ಬೆಳಗಾವಿಯ ದಾರಿಯಲ್ಲಿ ಸಿಕ್ಕಿದ್ದನ್ನು ತಿನ್ನಬೇಕಾಗುತ್ತದೆ. ಇನ್ನು ಸಮಯವಿದ್ದವರು ಹೆದ್ದಾರಿ ಬಿಟ್ಟು ಒಳಗಿರುವ ಸವಣೂರಿಗೆ ಹೋಗಿ ಅಲ್ಲಿಯ ಹೆಸರಾದ ‘ಖಾರ’ ಎಂಬ ಕುರುಕಲು ತಿನಿಸನ್ನು ಪೊಟ್ಟಣ ಕಟ್ಟಿಸಿಕೊಂಡು ಬರಬಹುದು. ಪ್ರಯಾಣದಲ್ಲಿ ಅದು ಕೆಡುವುದಿಲ್ಲ. ಸವಣೂರಿನ ವೀಳ್ಯದೆಲೆಯೂ ಅಷ್ಟೇ ಹೆಸರಾದದ್ದು.

ರೈಲು ಹುಬ್ಬಳ್ಳಿಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಇಳಿದು ಊಟ ತರಬಹುದೇ?

ಎದುರಿಗೇ ಅಂಗಡಿ ಕಂಡರೆ ಮಾತ್ರ ಇಳಿಯಬೇಕು. ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮು 1,507 ಮೀಟರಿನದು, ಜಗತ್ತಿನಲ್ಲಿಯೇ ಅತಿ ಉದ್ದದ್ದೆಂದು 2023ರಲ್ಲಿ ಉದ್ಘಾಟನೆಯಾಯಿತು. ತುದಿಯ ಬೋಗಿಯಿಂದ ಇಳಿದು ಅಂಗಡಿ ಹುಡುಕುತ್ತ ಹೋದವರು ಓಡುತ್ತ ಮರಳಬೇಕಾಗುತ್ತದೆ. ಕೂತಲ್ಲಿಗೇ ಊಟ ಬೇಕಿದ್ದರೆ ರೈಲ್ವೆಯ ಇ-ಕೇಟರಿಂಗ್ ಸೇವೆಯಲ್ಲಿ, ಅಥವಾ 1323ಕ್ಕೆ ಕರೆ ಮಾಡಿ, ಪಿಎನ್‌ಆರ್ ಸಂಖ್ಯೆ ಕೊಟ್ಟು ಮೊದಲೇ ತಿಳಿಸಬೇಕು. ಇಲ್ಲಿಯೇ ಇಳಿಯುವವರು ನಿಲ್ದಾಣದಲ್ಲಿ ತಿನ್ನುವ ಅಗತ್ಯವಿಲ್ಲ. ಹೊರಗೆ ಬಂದು ಪೇಟೆಯ ಕಡೆ ಹೋದರೆ ಆಯಿತು.

ಸಾವಜಿ ಊಟ ಅಂತ ಕೇಳಿದ್ದೇವೆ. ಅದು ಯಾರಿಗೂ ಆಗುತ್ತದೆಯೇ?

ಮಾಂಸಾಹಾರಿಗಳಿಗೆ, ಅದರಲ್ಲಿಯೂ ಖಾರ ತಡೆಯುವವರಿಗೆ ಆಗುತ್ತದೆ. ನೇಕಾರಿಕೆಯೊಡನೆ ಗುರುತಾದ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ (ಎಸ್‌ಎಸ್‌ಕೆ) ಸಮುದಾಯದ ಅಡುಗೆಯಿದು. ಹುಬ್ಬಳ್ಳಿ ಮತ್ತು ಗದಗ-ಬೆಟಗೇರಿಯಲ್ಲಿ ಸಾವಜಿ ಫಲಕಗಳು ಹೆಜ್ಜೆಗೊಂದು ಕಾಣುತ್ತವೆ. ಮಟನ್ ಮತ್ತು ಖೀಮಾ ಇಲ್ಲಿಯ ಮುಖ್ಯ, ಎಣ್ಣೆ ತೇಲುವ ಕೆಂಪು ರಸ ಇದರ ಗುರುತು. ಮೊದಲ ಸಲ ಹೋಗುವವರು ರಸವನ್ನು ಬೇರೆ ಬಟ್ಟಲಿನಲ್ಲಿ ಕೇಳಿ, ರೊಟ್ಟಿಯನ್ನು ಅದ್ದಿಕೊಂಡು ನೋಡಿ, ಆಮೇಲೆ ಅನ್ನಕ್ಕೆ ಹಾಕಿಕೊಳ್ಳುವುದು ಕ್ಷೇಮ. ಕೆಲವು ಕಡೆ ಮದ್ಯವೂ ಇರುವುದರಿಂದ ಕುಟುಂಬದೊಡನೆ ಹೋಗುವವರು ಒಳಗೊಮ್ಮೆ ಇಣುಕಿ ಕೂರಬೇಕು. ಶ್ರಾವಣ ಮಾಸದಲ್ಲಿ ಈ ಭಾಗದ ಬಹಳ ಮನೆಗಳು ಮಾಂಸ ಬಿಡುತ್ತವೆ. ಆ ತಿಂಗಳು, ವಿಶೇಷವಾಗಿ ಸೋಮವಾರ, ಅಂಗಡಿ ತೆರೆದಿದೆಯೇ ಎಂದು ವಿಚಾರಿಸಿ ಹೋಗಬೇಕು.

## ಅವರವರ ಅಡಚಣೆಗಳು

ನಾನು ಹೆಣ್ಣುಮಗಳು, ಒಬ್ಬಳೇ ತಿರುಗಾಡುತ್ತೇನೆ. ಖಾನಾವಳಿಗೆ ಹೋಗಿ ಕೂರಬಹುದೇ?

ಧಾರಾಳವಾಗಿ. ಧಾರವಾಡದಲ್ಲಿ ಓದುವ ಹುಡುಗಿಯರು ದಿನವೂ ಹೀಗೆಯೇ ಉಣ್ಣುತ್ತಾರೆ, ಆದ್ದರಿಂದ ಕಾಲೇಜು ಮತ್ತು ತರಬೇತಿ ಕೇಂದ್ರಗಳ ಸುತ್ತಲಿನ ಖಾನಾವಳಿಗಳಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಮಾರುಕಟ್ಟೆಯ ಒಳಗಿನ, ಗಂಡಸರೇ ತುಂಬಿರುವ ಜಾಗಗಳಲ್ಲಿ ಮೊದಲ ಕ್ಷಣ ಮುಜುಗರವಾಗಬಹುದು, ಗಲ್ಲೆಯ ಮೇಲೆ ಕೂತವರಿಗೆ ಅಥವಾ ರೊಟ್ಟಿ ಮಾಡುವ ಹೆಂಗಸಿಗೆ "ಅಕ್ಕಾರ, ಒಬ್ಬಾಕಿಗೆ ಊಟ ಐತೇನ್ರಿ?" ಎಂದರೆ ಗೋಡೆಯ ಪಕ್ಕದ ಜಾಗ ತೋರಿಸುತ್ತಾರೆ. ಮನೆಮಂದಿಯೇ ಸೇರಿ ನಡೆಸುವ ಖಾನಾವಳಿಯನ್ನು ಆರಿಸುವುದು ಇನ್ನೂ ನಿರಾಳ. ರಾತ್ರಿ ಊಟವನ್ನು ಎಂಟೂವರೆಯೊಳಗೆ ಮುಗಿಸಿಕೊಳ್ಳಬೇಕು, ಏಕೆಂದರೆ ಸಣ್ಣ ಊರುಗಳಲ್ಲಿ ಅಂಗಡಿಗಳು ಬೇಗ ಮುಚ್ಚಿ ಆಟೋಗಳೂ ವಿರಳವಾಗುತ್ತವೆ.

ಮಗನಿಗೆ ಶೇಂಗಾ ಅಲರ್ಜಿ. ಅಲ್ಲಿ ಎಲ್ಲದಕ್ಕೂ ಶೇಂಗಾ ಹಾಕುತ್ತಾರಂತಲ್ಲ?

ಈ ಪ್ರಶ್ನೆಯನ್ನು ಲಘುವಾಗಿ ಕಾಣುವಂತಿಲ್ಲ. ಎಣ್ಣೆಗಾಯಿಯ ಮಸಾಲೆಯಲ್ಲಿ ಶೇಂಗಾ ಪುಡಿ, ಹಿಂಡಿಯಲ್ಲಿ ಶೇಂಗಾ, ಸೊಪ್ಪಿನ ಪಲ್ಯದಲ್ಲಿ ಶೇಂಗಾ, ಅವಲಕ್ಕಿಯಲ್ಲಿ, ನೆನೆಸಿದ ಚುರಮುರಿಗೆ ಒಗ್ಗರಣೆ ಹಾಕಿದ ಸುಸಲಾದಲ್ಲಿ, ಹೋಳಿಗೆಯಲ್ಲಿ ಶೇಂಗಾ. ಒಗ್ಗರಣೆಯ ಎಣ್ಣೆಯೂ ಶೇಂಗಾದ್ದಿರಬಹುದು. "ಶೇಂಗಾ ಹಾಕಬೇಡಿ" ಎಂದಷ್ಟೇ ಹೇಳಿದರೆ ಮೇಲೆ ಉದುರಿಸುವುದನ್ನು ಬಿಡುತ್ತಾರೆ, ಅರೆದು ಹಾಕಿದ್ದು ಪಲ್ಯದಲ್ಲಿಯೇ ಉಳಿಯುತ್ತದೆ. ಒಂದೇ ಸೌಟು ಎಲ್ಲ ಪಾತ್ರೆಗೂ ಓಡಾಡುವುದರಿಂದ, ತೀವ್ರ ಅಲರ್ಜಿ ಇದ್ದವರು ಖಾನಾವಳಿಯ ಊಟವನ್ನು ಬಿಟ್ಟು, ಉಡುಪಿ ಮಾದರಿಯ ಹೋಟೆಲಿನಲ್ಲಿ ಎಣ್ಣೆ ಮತ್ತು ಚಟ್ನಿಯನ್ನು ವಿಚಾರಿಸಿಕೊಂಡು ಇಡ್ಲಿ, ಹಾಗೂ ಎಲ್ಲಿಯಾದರೂ ಸಿಗುವ ಮೊಸರು, ಹಣ್ಣು ಇಂಥವನ್ನೇ ನೆಚ್ಚಬೇಕು. ವೈದ್ಯರು ಕೊಟ್ಟ ಔಷಧಿ ಕೈಚೀಲದಲ್ಲಿಯೇ ಇರಬೇಕು.

ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲದ ಊಟ ಸಿಗುತ್ತದೆಯೇ?

ಖಾನಾವಳಿಯಲ್ಲಿ ಕಷ್ಟ. ಹುಬ್ಬಳ್ಳಿಯಲ್ಲಿ ಗುಜರಾತಿ, ಮಾರವಾಡಿ ವ್ಯಾಪಾರಿಗಳು ಬಹಳ ಇರುವುದರಿಂದ ಜೈನ ಊಟ ಕೇಳಿದರೆ ಮಾಡಿಕೊಡುವ ಹೋಟೆಲುಗಳಿವೆ. ಗದಗ, ಹಾವೇರಿಯಲ್ಲಿ ಮೊಸರು, ತುಪ್ಪ, ಹಣ್ಣುಗಳ ಮೇಲೆ ಒಂದು ಹೊತ್ತು ಕಳೆಯಲು ಸಿದ್ಧರಿರಬೇಕು.

ನಾವು ಭಕ್ತರಲ್ಲ, ಬರೀ ಪ್ರವಾಸಿಗಳು. ಮಠದ ದಾಸೋಹದಲ್ಲಿ ಉಣ್ಣುವುದು ತಪ್ಪಲ್ಲವೇ?

ತಪ್ಪಲ್ಲ. ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿಯೂ, ಅಂಧ ಮಕ್ಕಳಿಗೆ ಸಂಗೀತ ಕಲಿಸುವುದಕ್ಕೆ ನಾಡಿನಲ್ಲೆಲ್ಲ ಹೆಸರಾದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿಯೂ ಬಂದವರಿಗೆಲ್ಲ ಪ್ರಸಾದವಿದೆ, ಯಾರ ಶ್ರದ್ಧೆಯನ್ನೂ ಅಲ್ಲಿ ಪರೀಕ್ಷಿಸುವುದಿಲ್ಲ. ಸಾಲಿನಲ್ಲಿ ಕೂತು, ಬಡಿಸಿದ್ದನ್ನು ಚೆಲ್ಲದೆ ಉಂಡು, ತಾಟನ್ನು ತೊಳೆದಿಡುವ ಪದ್ಧತಿ ಇದ್ದಲ್ಲಿ ತೊಳೆದಿಟ್ಟು ಏಳಬೇಕು. ಹುಂಡಿಗೆ ಕೈಲಾದಷ್ಟು ಹಾಕುವುದು ನಿಮ್ಮ ವಿವೇಚನೆ. ಊಟವನ್ನು ಫೋಟೊ ತೆಗೆಯುತ್ತ ಪಂಕ್ತಿಯನ್ನು ತಡೆಯುವುದು ಮಾತ್ರ ನೋಡಲು ಚೆನ್ನಾಗಿರುವುದಿಲ್ಲ. ಸಾಮಾನ್ಯವಾಗಿ ಅನ್ನ, ಸಾರು, ಒಂದು ಸಿಹಿ ಇರುತ್ತದೆ. ರೊಟ್ಟಿಯ ನಿರೀಕ್ಷೆಯಲ್ಲಿ ಹೋಗಬಾರದು.

ಖರ್ಚು ಬಹಳ ಕಡಿಮೆ ಮಾಡಬೇಕಾಗಿದೆ. ಏನು ದಾರಿ?

ಇಂದಿರಾ ಕ್ಯಾಂಟೀನಿನಲ್ಲಿ ನಾಷ್ಟಾ 5 ರೂಪಾಯಿ, ಊಟ 10 ರೂಪಾಯಿ. 2017ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇವು ಆಮೇಲೆ ಬೇರೆ ಊರುಗಳಿಗೂ ಬಂದವು. ಬೆಳಿಗ್ಗೆ ಅಲ್ಲಿ ತಿಂದು, ಮಧ್ಯಾಹ್ನ ಖಾನಾವಳಿಯಲ್ಲಿ ಹೊಟ್ಟೆ ತುಂಬ ಉಂಡರೆ ರಾತ್ರಿಗೆ ಗಿರ್ಮಿಟ್ ಸಾಕಾಗುತ್ತದೆ.

ಹೊಟ್ಟೆ ಕೆಡದಂತೆ ನೋಡಿಕೊಳ್ಳುವುದು ಹೇಗೆ?

ರಸ್ತೆಬದಿಯ ತಿನಿಸಿನಿಂದ ಹೊಟ್ಟೆ ಕೆಟ್ಟಿತೆಂದು ಹೇಳುವವರು ಬಹಳ ಸಲ ದೂಷಿಸಬೇಕಾದದ್ದು ನೀರನ್ನು. ಕುದಿಯುವ ಎಣ್ಣೆಯಿಂದ ಈಗ ತೆಗೆದ ಭಜಿ, ಹಂಚಿನಿಂದ ಇಳಿದ ರೊಟ್ಟಿ, ಕುದಿಸಿದ ಚಹಾ ಇವುಗಳಲ್ಲಿ ಅಪಾಯ ಕಡಿಮೆ. ಹೆಚ್ಚಿಟ್ಟ ಹಣ್ಣು, ತಣ್ಣಗಿಟ್ಟ ಚಟ್ನಿ, ಬರ್ಫ ಹಾಕಿದ ಶರಬತ್ತು, ನೀರು ಬೆರೆಸಿದ ಮಜ್ಜಿಗೆ ಇವುಗಳಲ್ಲಿ ಹೆಚ್ಚು. ಕುಡಿಯುವ ನೀರನ್ನು ಜೊತೆಗೇ ಒಯ್ಯುವುದು, ಹಸಿ ಸೊಪ್ಪು-ಸವತಿಕಾಯಿಯನ್ನು ತೊಳೆದ ಬಗೆ ಅನುಮಾನ ಬಂದರೆ ಬಿಡುವುದು ಸಾಕು. ಗಟ್ಟಿ ಮೊಸರನ್ನು ಬಿಡುವ ಕಾರಣವಿಲ್ಲ.

## ಬಲ್ಲವರ ಪ್ರಶ್ನೆಗಳು

ಮೊಬೈಲಿನಲ್ಲಿ ಕಾಣುವ ನಕ್ಷತ್ರಗಳನ್ನು ನಂಬಬಹುದೇ? ಇಲ್ಲದಿದ್ದರೆ ನೀವೇ ನಾಲ್ಕು ಹೆಸರು ಹೇಳಿ.

ಹೆಸರು ಹೇಳದಿರುವುದಕ್ಕೆ ಕಾರಣವಿದೆ. ಖಾನಾವಳಿಯ ರುಚಿ ಇರುವುದು ರೊಟ್ಟಿ ತಟ್ಟುವ, ಮಸಾಲೆ ಅರೆಯುವ ಎರಡು-ಮೂರು ಜನರ ಕೈಯಲ್ಲಿ. ಅವರು ಕೆಲಸ ಬಿಟ್ಟ ದಿನ ಫಲಕ ಅದೇ ಇದ್ದರೂ ಊಟ ಬೇರೆಯಾಗುತ್ತದೆ, ಮತ್ತು ಹಳೆಯ ಹೊಗಳಿಕೆಗಳು ಮೊಬೈಲಿನಲ್ಲಿ ಹಾಗೆಯೇ ಕುಳಿತಿರುತ್ತವೆ. ನಕ್ಷತ್ರಗಳನ್ನು ನೋಡುವುದಿದ್ದರೆ ಸರಾಸರಿಯನ್ನು ಬಿಟ್ಟು ಇತ್ತೀಚಿನ ತಿಂಗಳುಗಳ ಮಾತುಗಳನ್ನು, ಅದರಲ್ಲಿಯೂ ಕನ್ನಡದಲ್ಲಿ ಬರೆದವುಗಳನ್ನು ಓದಬೇಕು. ಜನ ಹಾಕಿದ ತಾಟಿನ ಚಿತ್ರಗಳು ಇನ್ನೂ ಹೆಚ್ಚು ಹೇಳುತ್ತವೆ: ಬೇರೆ ಬೇರೆ ದಿನದ ಚಿತ್ರಗಳಲ್ಲಿ ಪಲ್ಯ ಬೇರೆ ಬೇರೆಯಾಗಿದ್ದರೆ ಅಲ್ಲಿ ನಿತ್ಯ ಪೇಟೆಯಿಂದ ತರಕಾರಿ ಬರುತ್ತಿದೆ ಎಂದರ್ಥ. "ಕಾರು ನಿಲ್ಲಿಸಲು ಜಾಗವಿಲ್ಲ, ಎಸಿ ಇಲ್ಲ, ಬೇಗ ಎಬ್ಬಿಸುತ್ತಾರೆ" ಎಂಬ ದೂರುಗಳಿಗಾಗಿ ನಕ್ಷತ್ರ ಕಳೆದುಕೊಂಡ ಜಾಗವಿದ್ದರೆ ನಾನಂತೂ ಅಲ್ಲಿಗೇ ಹೋಗುತ್ತೇನೆ. ಇನ್ನು ಕೇಳಿ ತಿಳಿಯುವುದಾದರೆ, ಲಾಡ್ಜಿನ ಮ್ಯಾನೇಜರರನ್ನು "ಒಳ್ಳೆಯ ಹೋಟೆಲ್ ಯಾವುದು" ಎಂದು ಕೇಳಿದರೆ ನಿಮ್ಮ ಬಟ್ಟೆ ನೋಡಿ ದೊಡ್ಡ ಹೋಟೆಲೊಂದನ್ನು ತೋರಿಸುತ್ತಾರೆ. ಔಷಧಿ ಅಂಗಡಿಯ ಹುಡುಗನನ್ನೋ ಪುಸ್ತಕದ ಅಂಗಡಿಯವರನ್ನೋ "ನೀವು ಮಧ್ಯಾಹ್ನ ಎಲ್ಲಿ ಉಣ್ತೀರಿ?" ಎಂದು ಕೇಳಬೇಕು.

ಬಿಲ್ಲಿನಲ್ಲಿ ಜಿಎಸ್‌ಟಿ, ಸೇವಾ ಶುಲ್ಕ ಎಂದೆಲ್ಲ ಹಾಕುತ್ತಾರೆ. ಕೊಡಲೇಬೇಕೇ?

ಸಾಮಾನ್ಯ ಹೋಟೆಲಿನ ಊಟಕ್ಕೆ ಜಿಎಸ್‌ಟಿ ಶೇಕಡಾ 5. ಸಣ್ಣ ವಹಿವಾಟಿನವರಿಗಾಗಿ ಇರುವ ಸರಳ ತೆರಿಗೆಯ ಕಾಂಪೊಸಿಶನ್ ಯೋಜನೆಯಲ್ಲಿರುವ ಹೋಟೆಲುಗಳು ತಮ್ಮ ತೆರಿಗೆಯನ್ನು ತಾವೇ ಕಟ್ಟಬೇಕು, ಗ್ರಾಹಕರಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ. ಬಿಲ್ಲಿನ ಮೇಲೆ ಆ ಯೋಜನೆಯವರೆಂಬ ಒಕ್ಕಣೆ ಇದ್ದೂ ತೆರಿಗೆ ಸೇರಿಸಿದ್ದರೆ ಕೇಳಬಹುದು. ಸೇವಾ ಶುಲ್ಕದ ಮಾತು ಬೇರೆ. ಅದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು; 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ತೆಗೆಯಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಿಲ್ಲಿನಲ್ಲಿ ಇರಬೇಕಾದ ಇನ್ನೊಂದು ಸಂಗತಿ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ. ಖಾನಾವಳಿಗಳಲ್ಲಿ ಈ ಪ್ರಶ್ನೆಗಳು ಏಳುವುದು ಅಪರೂಪ. ಅಲ್ಲಿ ಗಲ್ಲೆಯ ಹಿಂದಿನ ಗೋಡೆಗೆ ದರ ಬರೆದಿರುತ್ತಾರೆ, ಅಷ್ಟು ಕೊಟ್ಟು ಹೊರಬರುವುದು.

ರೊಟ್ಟಿಯನ್ನು ಊರಿಗೆ ಒಯ್ದರೆ ಎಷ್ಟು ದಿನ ಬರುತ್ತದೆ?

ಬಿಸಿ ರೊಟ್ಟಿ ಅಂದೇ ಮುಗಿಯಬೇಕು. ಒಯ್ಯಬೇಕಾದದ್ದು ಖಡಕ್ ರೊಟ್ಟಿ: ತೆಳ್ಳಗೆ ತಟ್ಟಿ, ನೀರಿನಂಶ ಹೋಗುವವರೆಗೆ ಕಾಯಿಸಿ ಒಣಗಿಸಿದ್ದರಿಂದ ತೇವ ತಾಗದಂತೆ ಇಟ್ಟರೆ ವಾರಗಟ್ಟಲೆ ಉಳಿಯುತ್ತದೆ. ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಹೆಂಗಸರು ಮಾಡಿ ಮಾರುವ ರೊಟ್ಟಿ ಕಿರಾಣಿ ಅಂಗಡಿಗಳಲ್ಲಿ ಕಟ್ಟುಕಟ್ಟಾಗಿ ಸಿಗುತ್ತದೆ. ಜೊತೆಗೆ ಶೇಂಗಾ, ಗುರೆಳ್ಳು, ಅಗಸಿ ಹಿಂಡಿಗಳ ಪೊಟ್ಟಣ ಕೊಳ್ಳಬೇಕು. ಡಬ್ಬಿ ಒಯ್ಯದವರ ರೊಟ್ಟಿ ಬಸ್ಸಿನಲ್ಲಿ ಚೂರಾಗುತ್ತದೆ; ಚೂರನ್ನು ಮೊಸರಿನಲ್ಲಿ ನೆನೆಸಿ ತಿನ್ನಬಹುದೆಂಬುದು ಸಮಾಧಾನ.

ಊಟಕ್ಕಾಗಿಯೇ ಬರುವುದಾದರೆ ಯಾವ ತಿಂಗಳು ಬರಬೇಕು?

ಡಿಸೆಂಬರಿನಿಂದ ಫೆಬ್ರುವರಿಯವರೆಗೆ. ಹೊಲದಲ್ಲಿ ಹಿಂಗಾರಿ ಜೋಳ ಮತ್ತು ಕಡಲೆ ನಿಂತಿರುವ ಕಾಲವಿದು. ಸುಲಗಾಯಿ (ಹಸಿ ಕಡಲೆಕಾಯಿ, ಶೇಂಗಾ ಅಲ್ಲ), ಹಸಿ ಮೆಂತೆ, ಎಳೆಯ ಬದನೆಕಾಯಿ ಪೇಟೆಗೆ ರಾಶಿಯಾಗಿ ಬರುತ್ತವೆ ಮತ್ತು ಖಾನಾವಳಿಯ ತಾಟಿನಲ್ಲಿಯೂ ಕಾಣುತ್ತವೆ. ಎಳ್ಳ ಅಮಾವಾಸ್ಯೆ ಮತ್ತು ಸಂಕ್ರಾಂತಿಯ ಆಸುಪಾಸಿನಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಮಾದಲಿ ಎಂಬ ಸಿಹಿ ಮನೆಮನೆಯಲ್ಲಿ ನಡೆಯುತ್ತವೆ. ಎಳ್ಳ ಅಮಾವಾಸ್ಯೆಯ ದಿನ ಊರೆಲ್ಲ ಚರಗ ಚೆಲ್ಲಲು, ಅಂದರೆ ಬೆಳೆಗೆ ನೈವೇದ್ಯ ಎರಚಿ ಅಲ್ಲಿಯೇ ಉಣ್ಣಲು, ಹೊಲಕ್ಕೆ ಹೋಗುವುದರಿಂದ ಹಳ್ಳಿಯ ಕಡೆ ಅಂಗಡಿಗಳು ಮುಚ್ಚಿರಬಹುದು. ಪರಿಚಯದವರೊಬ್ಬರು ಹೊಲಕ್ಕೆ ಕರೆದರೆ ಬೇರೆ ಎಲ್ಲ ಕಾರ್ಯಕ್ರಮ ಬಿಟ್ಟು ಹೋಗಬೇಕು, ಆ ಊಟ ಯಾವ ಖಾನಾವಳಿಯಲ್ಲಿಯೂ ದುಡ್ಡಿಗೆ ಸಿಗುವುದಿಲ್ಲ. ಜೋಳದ ತೆನೆ ಹಾಲುಗಾಳಾದಾಗ ಸುಟ್ಟು ಉಜ್ಜಿ ತಿನ್ನುವ ಸೀತನಿಯೂ ಹಾಗೆಯೇ, ಹೊಲದ ಬದುವಿನ ಮೇಲೆ ಕೂತೇ ತಿನ್ನುವಂಥದು. ಅದರ ಅವಧಿ ಕೆಲವೇ ವಾರ, ಹೀಗಾಗಿ ಹೊರಡುವ ಮೊದಲು ಈ ಕಡೆಯ ಯಾರಾದರೂ ರೈತರಿಗೆ ಫೋನು ಮಾಡಿ ತೆನೆ ಯಾವ ಹದದಲ್ಲಿದೆ ಎಂದು ಕೇಳಿಕೊಂಡೇ ಟಿಕೇಟು ತೆಗೆಸಬೇಕು.